ಒಂದು ಡಬ್ಬಕ್ಕೆ ಮೂರು ಝೀಬ್ರಾ

ರಸ್ತೆಗೆ ಬಳಿಯುವ ಬಿಳಿ ಬಣ್ಣ, ಇಪ್ಪತ್ತು ಲೀಟರಿನ ಡಬ್ಬಕ್ಕೆ ನಾಲ್ಕು ಸಾವಿರ. ಅದನ್ನು ತೆಳುಮಾಡುವ ಥಿನ್ನರ್ ಅದರ ಕಾಲು ಬೆಲೆಗೆ ಸಿಗುತ್ತದೆ. ಜನ ರಸ್ತೆ ದಾಟುವ ಒಂದು ಝೀಬ್ರಾಕ್ಕೆ ಒಂಬತ್ತು ಪಟ್ಟೆ. ಸರಿಯಾಗಿ ಎರಡು ಕೋಟ್ ಹೊಡೆದರೆ ಒಂದು ಡಬ್ಬ ಖಾಲಿ. ನಮ್ಮ ಕಂಟ್ರಾಕ್ಟರು ಒಂದು ಡಬ್ಬದಲ್ಲಿ ಮೂರು ಝೀಬ್ರಾ ಮುಗಿಸುತ್ತಿದ್ದ, ಬಿಲ್ಲು ಮಾತ್ರ ಮೂರು ಡಬ್ಬಕ್ಕೆ. ಮುರಿದ ಮೊಣಕಾಲಿಗೆ ಮೊದಲ ಆಪರೇಷನ್ ತೊಂಬತ್ತು ಸಾವಿರ. ಊರುಗೋಲು ಒಂದಕ್ಕೆ ಆರುನೂರು. ಒಂದೇ ಸಾಕೆಂದರೆ ಅಂಗಡಿಯವನು ಕೊಡುವುದಿಲ್ಲ, ಚಪ್ಪಲಿಯ ಹಾಗೆ ಜೋಡಿಯಾಗಿಯೇ ಕೊಳ್ಳಬೇಕು. ಕಾಲು ಪೂರ್ತಿ ಮಡಚುವಂತಾಗಲು ಎರಡನೆಯ ಆಪರೇಷನ್ ಒಂದು ಲಕ್ಷ ನಲವತ್ತು ಸಾವಿರ.

ಬಣ್ಣಕ್ಕೂ ಮೊಣಕಾಲಿಗೂ ಏನು ಸಂಬಂಧ ಎಂದು ಕೇಳಿದರೆ, ಎರಡರ ನಡುವೆ ಇರುವವನು ನಾನು.

ಇಪ್ಪತ್ತೆರಡು ವರ್ಷ ಈ ಊರಿನ ರಸ್ತೆಗಳಿಗೆ ಪಟ್ಟೆ ಬಳಿದಿದ್ದೇನೆ. ಕುಕ್ಕರುಗಾಲಲ್ಲಿ ಕೂತು, ಬ್ರಷ್ ಎಳೆದು, ಕೂತಲ್ಲಿಂದಲೇ ಒಂದೊಂದು ಹೆಜ್ಜೆ ಜರುಗಬೇಕು. ನನ್ನ ಕೆಲಸದಲ್ಲಿ ಮಂಡಿಯೇ ಬಂಡವಾಳ. ಬಗ್ಗಿ ಬಳಿದರೆ ಪಟ್ಟೆ ಸೊಟ್ಟಗಾಗುತ್ತದೆ. ನನ್ನ ಪಟ್ಟೆ ಸೊಟ್ಟಗಾದದ್ದನ್ನು ಯಾರೂ ನೋಡಿಲ್ಲ. ಮಾಯವಾದದ್ದನ್ನು ನೋಡಿದ್ದಾರೆ, ಅದು ಬೇರೆ ಮಾತು.

ಕಂಟ್ರಾಕ್ಟರನಿಗೆ ನಾವು ಕೆಲಸಗಾರರು ಇಟ್ಟ ಹೆಸರು 'ಎರಡು ಕೋಟ್'. ನಗರಸಭೆ ಆಫೀಸಿನವರು ಬಂದಾಗಲೆಲ್ಲ ಕೈಕಟ್ಟಿ ನಿಂತು, "ಎರಡು ಕೋಟ್ ಸಾರ್, ಮೂರು ವರ್ಷ ಗ್ಯಾರಂಟಿ," ಎನ್ನುತ್ತಿದ್ದ. ಆಮೇಲೆ ನಮ್ಮ ಕಡೆ ತಿರುಗಿ, "ಸ್ವಲ್ಪ ಥಿನ್ನರ್ ಸುರೀರೋ, ಬಣ್ಣ ಏನು ಕುಡಿಯೋಕೆ ಬೇಕಾ?" ಎನ್ನುತ್ತಿದ್ದ. ನಾವು ಸುರಿಯುತ್ತಿದ್ದೆವು. ಕೂಲಿ ಕೊಡುವವನು ಅವನು, ನಡೆಯುವವರು ಯಾರೋ.

ಬ್ಯಾಂಕಿನ ಮುಂದಿನ ಝೀಬ್ರಾ ಬಳಿದು ಏಳು ತಿಂಗಳಾಗಿತ್ತು. ನನ್ನ ಹೆಂಡತಿಗೆ ಇಸ್ತ್ರಿ ಅಂಗಡಿಯಿದೆ. ಬ್ಯಾಂಕಿನ ಮ್ಯಾನೇಜರರ ಹನ್ನೊಂದು ಶರ್ಟು ತಲುಪಿಸಲು ಹೊರಟಿದ್ದೆ. ಅಲ್ಲೇ ವ್ಯಾನು ಹೊಡೆಯಿತು. ಒಳಗೆ ನಲವತ್ತು ಹಾಸಿಗೆಗಳಿದ್ದವಂತೆ. ಒಂದಾದರೂ ನನ್ನ ಕೆಳಗೆ ಬಂದು ಬೀಳಬಾರದಿತ್ತೇ?

ಚಾಲಕ ಇಳಿದು ಬಂದವನೇ, "ಎಲ್ಲಯ್ಯಾ ಪಟ್ಟೆ? ಪಟ್ಟೆ ಎಲ್ಲಿದೆ ತೋರ್ಸು!" ಎಂದು ಕೂಗಿದ. ಆಂಬ್ಯುಲೆನ್ಸ್‌ಗೆ ಫೋನ್ ಮಾಡುವ ಮೊದಲು ರಸ್ತೆಯ ಫೋಟೋ ತೆಗೆದ. ನಾನು ಟಾರಿಗೆ ಕೆನ್ನೆಯಿಟ್ಟು ಬಿದ್ದಿದ್ದೆ. ನನ್ನ ಕೆಲಸವನ್ನು ಅಷ್ಟು ಹತ್ತಿರದಿಂದ ಯಾರೂ ಪರೀಕ್ಷೆ ಮಾಡಿರಲಾರರು. ಕಪ್ಪು ಟಾರು, ಒಂದೆರಡು ಸುಣ್ಣದಂಥ ಚುಕ್ಕೆ, ಹನ್ನೊಂದು ಶರ್ಟು. ಬೇರೇನೂ ಇರಲಿಲ್ಲ.

ಮೊದಲ ಆಪರೇಷನ್‌ಗೆ, ಅಂಗಡಿ ದೊಡ್ಡದು ಮಾಡಲೆಂದು ಹೆಂಡತಿ ಕೂಡಿಟ್ಟ ದುಡ್ಡು ಹೋಯಿತು. ಕಾಲು ನೆಟ್ಟಗಾಯಿತು, ಮಡಚಲಿಲ್ಲ. ಎರಡನೆಯದು ಮಾಡಿಸದಿದ್ದರೆ ಇನ್ನು ಕುಕ್ಕರುಗಾಲು ಮರೆತುಬಿಡಿ ಎಂದರು ಡಾಕ್ಟರು. ದುಡ್ಡಿರಲಿಲ್ಲ. ಪರಿಹಾರಕ್ಕೆ ಕೇಸು ಹಾಕಿದೆವು.

ಇನ್ಶೂರೆನ್ಸ್ ಕಂಪನಿ ಉತ್ತರ ಬರೆಯಿತು: ಆ ಜಾಗದಲ್ಲಿ ಝೀಬ್ರಾ ಇರಲೇ ಇಲ್ಲ, ಅರ್ಜಿದಾರ ಅಜಾಗರೂಕನಾಗಿ ಅಡ್ಡ ಬಂದ, ಆದರೂ ಮಾನವೀಯತೆಯಿಂದ ನಲವತ್ತು ಸಾವಿರ ಕೊಡುತ್ತೇವೆ.

"ಮಾನವೀಯತೆ ಮಂಡಿಗೆ ಸಾಲಲ್ಲ," ಎಂದರು ನಮ್ಮ ವಕೀಲಮ್ಮ. "ಝೀಬ್ರಾ ಇತ್ತು ಅಂತ ತೋರಿಸಿದ್ರೆ ಪೂರ್ತಿ ಸಿಗತ್ತೆ. ಸಾಕ್ಷಿ ಏನಿದೆ?"

"ನಾನೇ ಬಳಿದದ್ದು ಅಮ್ಮಾ."

ಅವರು ಪೆನ್ನು ಕೆಳಗಿಟ್ಟರು. ಅವರ ವೃತ್ತಿಯಲ್ಲಿ ಇಂಥ ಕಕ್ಷಿದಾರ ಮೊದಲ ಸಲ ಸಿಕ್ಕಿದ್ದನೆಂದು ಕಾಣುತ್ತದೆ.

ನಗರಸಭೆ ಆಫೀಸಿನಿಂದ ಕಾಗದ ತರಿಸಿದರು. ಅದರಲ್ಲಿ ಝೀಬ್ರಾ ಅಚ್ಚುಕಟ್ಟಾಗಿತ್ತು: ಬ್ಯಾಂಕ್ ಮುಂದೆ, ಒಂಬತ್ತು ಪಟ್ಟೆ, ಎರಡು ಕೋಟ್, ಮೂರು ವರ್ಷ ಗ್ಯಾರಂಟಿ. ಜೊತೆಗೆ ಫೋಟೋ. ಹಸಿ ಹಸಿ ಪಟ್ಟೆಗಳ ನಡುವೆ ಬ್ರಷ್ ಹಿಡಿದು, ಕುಕ್ಕರುಗಾಲಲ್ಲಿ ಕೂತು, ಹಲ್ಲು ಕಿರಿಯುತ್ತಿರುವವನು ನಾನೇ.

ಕಾಗದ ಕೇಳಿದ ಸುದ್ದಿ ತಲುಪಿದ ಮರುದಿನವೇ 'ಎರಡು ಕೋಟ್' ಒಂದು ಚೀಲ ಸೇಬು ಹಿಡಿದು ಮನೆಗೆ ಬಂದ. ನಾನು ಆಸ್ಪತ್ರೆಯಲ್ಲಿದ್ದ ಮೂರು ವಾರ ಇವನಿಗೆ ದಾರಿ ಸಿಕ್ಕಿರಲಿಲ್ಲ.

"ಹೇಗಿದೀಯಪ್ಪಾ? ಸೊರಗಿಬಿಟ್ಟಿದೀಯಲ್ಲ!" ಎಂದು ನನ್ನ ಒಳ್ಳೆಯ ಕಾಲನ್ನು ತಡವಿದ.

"ಮುರಿದದ್ದು ಆ ಕಡೇದು," ಎಂದಳು ಹೆಂಡತಿ, ಇಸ್ತ್ರಿಪೆಟ್ಟಿಗೆ ಕೆಳಗಿಡದೆ.

"ಅದೇ, ಅದೇ. ನೋಡು, ಕೋರ್ಟಲ್ಲಿ ಕೇಳ್ತಾರೆ. ಎರಡು ಕೋಟ್ ಅಂದ್ಬಿಡು. ಅಲ್ಲಿ ಲಾರಿ ಜಾಸ್ತಿ ಓಡಾಡ್ತವೆ, ಸ್ವಲ್ಪ ಮಾಸಿತ್ತು, ಆದ್ರೆ ಕಾಣ್ತಿತ್ತು ಅನ್ನು. ನಾನೂ ಬಂದು ಹಾಗೇ ಹೇಳ್ತೀನಿ. ನಿನಗೂ ದುಡ್ಡು ಬರತ್ತೆ, ನನ್ನ ಗ್ಯಾರಂಟಿನೂ ಉಳಿಯತ್ತೆ. ಕಾಲು ಸರಿ ಹೋದ್ಮೇಲೆ ಕೆಲಸಕ್ಕೆ ಬಾ, ನಿನ್ನ ಜಾಗ ಹಾಗೇ ಇಟ್ಟಿರ್ತೀನಿ."

ಅವನು ಹೋದ ಮೇಲೆ ಹೆಂಡತಿ ಸೇಬುಗಳನ್ನು ತಿರುಗಿಸಿ ನೋಡಿದಳು. ಮೇಲಿನ ಸಾಲು ಕೆಂಪಗಿತ್ತು, ಅಡಿಯಲ್ಲಿ ಎಲ್ಲ ಕೊಳೆತಿದ್ದವು.

"ರೀ, ಇವನು ಹಣ್ಣಿಗೂ ಒಂದೇ ಕೋಟ್ ಹೊಡೆಯೋದು," ಎಂದಳು. ಆಮೇಲೆ ದನಿ ತಗ್ಗಿಸಿ, "ಆದ್ರೂ ಅವನು ಹೇಳಿದ ಹಾಗೇ ಹೇಳಿಬಿಡಿ. ನಿಮಗೆ ಬೇಕಾಗಿರೋದು ಮಂಡಿ. ನೆಟ್ಟಗೆ ಹೇಳಿ, ಮಧ್ಯ ತೊದಲಬೇಡಿ. ಸುಳ್ಳಿಗಾದ್ರೂ ಎರಡು ಕೋಟ್ ಇರ್ಲಿ," ಎಂದಳು.

ವಿಚಾರಣೆಗೆ ಮುಂಚಿನ ಭಾನುವಾರ ಬೆಳಿಗ್ಗೆ ಬ್ಯಾಂಕಿನ ಮುಂದೆ ಹಾದುಬಂದವಳು ಬಾಗಿಲಲ್ಲೇ ನಿಂತು ನಗತೊಡಗಿದಳು. "ನೀವು ಬಿದ್ದ ಜಾಗ ಈಗ ಹಲ್ಲುಜ್ಜಿದ ಹಾಗೆ ಬೆಳ್ಳಗಿದೆ. ಎರಡು ಕೋಟ್! ಮುಟ್ಟಿ ನೋಡ್ದೆ, ಗಟ್ಟಿ ಬಣ್ಣ."

ನಾನು 'ಎರಡು ಕೋಟ್' ಕೈಕೆಳಗೆ ಸೇರಿದ ಏಳು ವರ್ಷದಲ್ಲಿ ಅವನು ಹೊಡೆಸಿದ ಮೊದಲ ಪ್ರಾಮಾಣಿಕ ಝೀಬ್ರಾ ಅದು. ನನ್ನ ಮೊಣಕಾಲಿನ ಖರ್ಚಿನಲ್ಲಿ.

"ಪಟ್ಟೆ ನೇರ ಇದೆಯೇನೇ?" ಎಂದು ಕೇಳಿದೆ.

"ಮೂರನೇದು ಸ್ವಲ್ಪ ವಾಲಿದೆ."

ಆ ದಿನವೆಲ್ಲ ನನಗೆ ಸಮಾಧಾನವಿರಲಿಲ್ಲ. ಆ ಮೂರನೆಯ ಪಟ್ಟೆಯನ್ನೂ ನಾನೇ ಬಳಿದದ್ದೆಂದು ಜನ ತಿಳಿದುಕೊಂಡರೆ?

ಕೋರ್ಟಿನಲ್ಲಿ ಎಲ್ಲ ಸರಿಯಾಗಿಯೇ ಶುರುವಾಯಿತು. ಇನ್ಶೂರೆನ್ಸ್ ವಕೀಲರು ತುಂಬ ಮರ್ಯಾದಸ್ಥರು, ಮಾತಿಗೆ ಮುಂಚೆ ನಗುವವರು. ಚಾಲಕ ತೆಗೆದ ಫೋಟೋ ನನ್ನ ಕೈಗೆ ಕೊಟ್ಟರು: ಟಾರು, ನನ್ನ ಕಾಲು, ಅವನ ಬೂಟಿನ ತುದಿ.

"ಎರಡು ಕೋಟ್ ಹೊಡೆದ್ರಿ ಅಂತೀರಿ ಯಜಮಾನ್ರೇ?"

"ಹೌದು ಸ್ವಾಮಿ."

"ಎಷ್ಟು ವರ್ಷ ಬರತ್ತೆ?"

"ಮೂರು ವರ್ಷಕ್ಕೇನೂ ಮೋಸವಿಲ್ಲ."

"ಮೂರು ವರ್ಷ ಬರಬೇಕಾದ್ದು ಏಳೇ ತಿಂಗಳಿಗೆ ಹೋಯ್ತು. ಬಣ್ಣ ಸರಿ ಇತ್ತು, ಕೋಟೂ ಎರಡಿತ್ತು. ಇನ್ನು ಉಳಿದದ್ದು ಬಳಿದವರ ಕೈ." ಅವರು ನಕ್ಕರು. "ಕೆಲಸ ಬರದೇ ಇರೋರು ಬಳಿದ್ರೆ ಹೀಗೇ ಆಗೋದು, ಅಲ್ವಾ?"

ಲಾರಿ ಜಾಸ್ತಿ ಓಡಾಡುತ್ತವೆ ಎನ್ನಬೇಕಿತ್ತು. ಅಷ್ಟೇ. ಹಿಂದಿನ ಬೆಂಚಿನಲ್ಲಿ ಹೆಂಡತಿ 'ಬೇಡ, ಬೇಡ' ಎಂದು ತಲೆಯಾಡಿಸುತ್ತಿದ್ದಳು. ನನ್ನ ಮುಖ ಕೆಂಪಾದದ್ದು ಅವಳಿಗೆ ಅಲ್ಲಿಂದಲೇ ಕಂಡಿತ್ತು.

"ಯಾರಿಗೆ ಸ್ವಾಮಿ ಕೆಲಸ ಬರಲ್ಲ?" ಎಂದೆ. "ಇಪ್ಪತ್ತೆರಡು ವರ್ಷ ಆಯ್ತು, ಒಂದು ಪಟ್ಟೆ ವಾಲಿಲ್ಲ! ಒಂದು ಡಬ್ಬಕ್ಕೆ ಮೂರು ಝೀಬ್ರಾ ಅಂದ್ರೆ ಕೈ ಏನು ಮಾಡತ್ತೆ? ಅರ್ಧ ಬಣ್ಣ, ಅರ್ಧ ಥಿನ್ನರ್. ಒಂದೇ ಕೋಟ್, ಅದೂ ಅಲ್ಲಲ್ಲಿ. ಬೇಕಿದ್ರೆ ಅಲ್ಲಿ ಕೂತಿರೋ ಅವರನ್ನೇ ಕೇಳಿ!"

'ಎರಡು ಕೋಟ್' ಕೋರ್ಟಿನ ಫ್ಯಾನನ್ನು ನೋಡತೊಡಗಿದ. ನಮ್ಮ ವಕೀಲಮ್ಮ ಕಣ್ಣು ಮುಚ್ಚಿಕೊಂಡರು.

ನ್ಯಾಯಾಧೀಶರು ಮುಂದೆ ಬಾಗಿ ಕೇಳಿದರು: "ಪಟ್ಟೆನೇ ಕಾಣ್ತಿರಲಿಲ್ಲ ಅಂದ್ರೆ, ಅದರ ಮೇಲೇ ನಡೀತಿದ್ರಿ ಅಂತ ನಿಮಗೆ ಹೇಗೆ ಗೊತ್ತು?"

"ಅಳತೆ ಹಾಕಿದವನು ನಾನೇ ಸ್ವಾಮಿ. ದೀಪದ ಕಂಬದಿಂದ ಆರಡಿಗೆ ಶುರು. ಕಣ್ಣು ಮುಚ್ಚಿಕೊಂಡೂ ದಾಟ್ತೀನಿ."

ಟೈಪಿಸ್ಟ್ ಅದನ್ನೂ ಟೈಪ್ ಮಾಡಿದ.

ಹೊರಗೆ ಬಂದ ಮೇಲೆ ಹೆಂಡತಿ ನನ್ನನ್ನು ಬಸ್ ನಿಲ್ದಾಣಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಊರುಗೋಲು ತೆಗೆದಿಟ್ಟು ನನ್ನನ್ನು ಕೂರಿಸಿ, "ಕಾಲು ಮುರಿದಾಗ ಇಷ್ಟು ಜೋರಾಗಿ ಕೂಗ್ಲಿಲ್ಲವಲ್ರೀ ನೀವು," ಎಂದಳು.

"ನನ್ನ ಕೈಗೇ ಹೆಸರಿಟ್ರು ಕಣೇ."

"ಹೂಂ. ಕೈ ಉಳೀತು," ಎಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಎರಡು ತಿಂಗಳಿಗೆ ತೀರ್ಪು ಬಂತು. ಒಟ್ಟು ನಷ್ಟ ಮೂರು ಲಕ್ಷ ಅರವತ್ತು ಸಾವಿರ. ಕಡತದ ಪ್ರಕಾರ ಅಲ್ಲಿ ಝೀಬ್ರಾ ಇದೆ, ಜನ ದಾಟುವ ಜಾಗದಲ್ಲಿ ಚಾಲಕ ನಿಧಾನಿಸಬೇಕಿತ್ತು. ಅವನ ತಪ್ಪು ಅರ್ಧ. ಆದರೆ ಆ ಪಟ್ಟೆ ಯಾರ ಕಣ್ಣಿಗೂ ಬೀಳದು ಎಂಬುದು ಇಡೀ ಊರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ಅರ್ಜಿದಾರನೇ. ಆದ್ದರಿಂದ ಉಳಿದರ್ಧ ಅವನದು. ಥಿನ್ನರ್ ಸುರಿದವನು ನಾನೂ ಹೌದಲ್ಲ.

ತೀರ್ಪಿನ ಒಂದು ಪ್ರತಿ ಆಫೀಸಿಗೂ ಹೋಯಿತು. ಅವರು ತನಿಖೆಗೆ ಬಂದರು, ಬ್ಯಾಂಕಿನ ಮುಂದೆ ಫಳಫಳ ಹೊಳೆಯುವ ಝೀಬ್ರಾ ನೋಡಿದರು, ಗ್ಯಾರಂಟಿ ಊರ್ಜಿತದಲ್ಲಿದೆ ಎಂದು ಬರೆದುಕೊಂಡರು. ಆಮೇಲೆ, ಊರಿನ ಎಲ್ಲ ಝೀಬ್ರಾಗಳೂ ಮಾಸಿವೆಯೆಂದು ಹೊಸದಾಗಿ ಬಳಿಯಲು ಟೆಂಡರ್ ಕರೆದರು. ಅದು ಯಾರಿಗೆ ಸಿಕ್ಕಿತೆಂದು ಬೇರೆ ಹೇಳಬೇಕೇ? ಈ ಸಲ ಒಂದು ಡಬ್ಬಕ್ಕೆ ಎರಡು ಝೀಬ್ರಾ ಮಾಡಿಸುತ್ತಿದ್ದಾನಂತೆ. ಕೋರ್ಟಿನ ಭಯ ಅಷ್ಟಾದರೂ ಕೆಲಸ ಮಾಡಿದೆ.

ನನ್ನ ಜಾಗಕ್ಕೆ ಬೇರೆಯವನನ್ನು ಹಾಕಿಕೊಂಡ. ಮಿಕ್ಕ ಕಂಟ್ರಾಕ್ಟರುಗಳೂ ನನ್ನನ್ನು ಕಂಡರೆ ರಸ್ತೆ ದಾಟಿ ಆಚೆ ಹೋಗುತ್ತಾರೆ, ಝೀಬ್ರಾ ಇರಲಿ ಬಿಡಲಿ. ನಾನೀಗ ಹೆಂಡತಿಯ ಪಕ್ಕದಲ್ಲಿ ಇಸ್ತ್ರಿ ಹಾಕುತ್ತೇನೆ. ಪ್ಯಾಂಟಿನ ಗೆರೆ ನೇರ ಬರುತ್ತದೆಂದು ಗಿರಾಕಿಗಳು ಹೊಗಳುತ್ತಾರೆ.

ಕೈಗೆ ಬಂದದ್ದು ಒಂದು ಲಕ್ಷ ಎಂಬತ್ತು ಸಾವಿರ. ವಕೀಲಮ್ಮನಿಗೆ ಮೂವತ್ತಾರು ಸಾವಿರ, ಆಪರೇಷನ್‌ಗೆ ಒಂದು ಲಕ್ಷ ನಲವತ್ತು ಸಾವಿರ. ಉಳಿದ ನಾಲ್ಕು ಸಾವಿರ ಆಟೋಗೆ, ಮಾತ್ರೆಗೆ ಹೋಯಿತು. ಹೆಂಡತಿಯ ತೊಂಬತ್ತು ಸಾವಿರ ವಾಪಸ್ ಬರಲಿಲ್ಲ. ಮೊಣಕಾಲು ಈಗ ಪೂರ್ತಿ ಮಡಚುತ್ತದೆ. ಇಸ್ತ್ರಿ ಕೆಲಸ ದಿನವಿಡೀ ನಿಂತುಕೊಂಡೇ.