ಪುಣೆಯಲ್ಲಿ ಕಾಣದ ಅಂಚು

ಮಗ್ಗದವರಿಗೆ ಅಕ್ಕಯ್ಯಮ್ಮ ಬರೆದುಕೊಟ್ಟ ಅಂಚಿನ ಸೀರೆ ಉಟ್ಟವರು ದೊಡ್ಡಬಳ್ಳಾಪುರದಲ್ಲಿ ಬೇಕಾದಷ್ಟು ಜನ. ಆ ಅಂಚು ಬರೆದವರು ಯಾರೆಂದು ಕೇಳಿದವರು ಮಾತ್ರ ಒಬ್ಬರೂ ಇಲ್ಲ. ಸೊಸೆ ವಾಣಿಗೆ ಇದು ಹೊಟ್ಟೆ ಉರಿಸುವ ಸಂಗತಿ. ತೊಂಬತ್ತೊಂಬತ್ತನೇ ಇಸವಿಯಲ್ಲಿ ಊರಿನ ಕಂಪ್ಯೂಟರ್ ಸೆಂಟರಿಗೆ ಹೋಗಿ ವೆಬ್ ಪುಟ ಮಾಡುವುದನ್ನು ಕಲಿತದ್ದೇ ತಡ, ಅತ್ತೆಯ ಸೀರೆಗಳಿಗೇ ಒಂದು ಪುಟ ಮಾಡಿದಳು. ಪ್ರತಿ ಅಂಚಿನ ಚಿತ್ರದ ಕೆಳಗೂ ಅತ್ತೆಯ ಹೆಸರು.

ಸೆಂಟರಿನ ಪರದೆಯಲ್ಲಿ ಅದನ್ನು ನೋಡಿ ಅಕ್ಕಯ್ಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. "ನಮ್ ವೆಂಕಟರಾಯ ನೋಡ್ಬೇಕು ಕಣೇ," ಎಂದರು. ಪುಣೆಯಲ್ಲಿದ್ದ ಈ ತಮ್ಮ ಚಿಕ್ಕಂದಿನಲ್ಲಿ ಅಕ್ಕನ ಗೆರೆಗಳನ್ನು ಕೋಳಿ ಕೆದಕಿದ್ದು ಎಂದು ಗೇಲಿ ಮಾಡಿದವನು.

ವಾಣಿ ಪುಟದ ವಿಳಾಸ ಕಳಿಸಿದ ಮೇಲೆ, ಶನಿವಾರ ಅವನ ಫೋನ್ ಬಂತು. "ಎಲ್ಲಿ ಅಕ್ಕಾ ಸೀರೆ? ಆಫೀಸ್ನೋರ್ನೆಲ್ಲ ಕರ್ದು ತೋರ್ಸೋಕ್ ಹೋದ್ರೆ ಬರೀ ಬಿಳೀ ಹಾಳೆ!"

"ಹೋಗ್ಲಿ ಬಿಡಪ್ಪ," ಎಂದ ಅಕ್ಕಯ್ಯಮ್ಮ ಫೋನ್ ಇಟ್ಟು ಅಕ್ಕಿ ಆರಿಸಲು ಕೂತರು. ವಾಣಿ ನೇರವಾಗಿ ಸೆಂಟರಿಗೆ ಓಡಿದಳು.

ಅಲ್ಲಿ ಕಲಿಸುವ ಅಂಜನ್ ಅವಳ ಮಾತನ್ನು ತಳ್ಳಿಹಾಕಿಬಿಟ್ಟ. "ಇಲ್ಲಿ ಚೆನ್ನಾಗೇ ಕಾಣ್ತೈತಲ್ಲ ಮೇಡಂ. ಕೋಡ್ ಬರೆಯೋ ರೂಲ್ಸೆಲ್ಲ ಪುಸ್ತಕಕ್ಕೆ, ಬಿಡಿ."

ವಾಣಿ ಬಿಡುವ ಪೈಕಿಯಲ್ಲ. ಮೂಲೆಯ ಕಂಪ್ಯೂಟರಿನಲ್ಲಿ ಬೇರೊಂದು ಬ್ರೌಸರ್ ಇತ್ತು, ವೆಂಕಟರಾಯನ ಆಫೀಸಿನಲ್ಲಿದ್ದಂಥದ್ದೇ. ಅದರಲ್ಲಿ ಪುಟ ತೆರೆದಳು. ಬಿಳೀ ಹಾಳೆ! ಆಗ ತಾನು ಬರೆದ ಕೋಡನ್ನು ಸಾಲುಸಾಲಾಗಿ ಓದುತ್ತಾ ಬಂದು, ಕೊನೆಯಲ್ಲಿ ಹಣೆ ಚಚ್ಚಿಕೊಂಡಳು. ಚಿತ್ರಗಳನ್ನು ಜೋಡಿಸಿದ್ದ ಟೇಬಲ್ ಎಂಬ ಚೌಕಟ್ಟನ್ನು, ಅದು ಇಲ್ಲಿಗೆ ಮುಗಿಯಿತೆನ್ನುವ ಸಾಲು ಬರೆದು, ಅವಳು ಮುಚ್ಚಿರಲೇ ಇಲ್ಲ.

ಮರೆತದ್ದಲ್ಲ, ಬೇಕೆಂದೇ ಬಿಟ್ಟದ್ದು. ನೇಯುವ ಮನೆಯಲ್ಲಿ ಹಾಸಿನ ಉದ್ದೆಳೆಗಳು ಮುಗಿದರೂ ಅವುಗಳ ತುದಿಯನ್ನು ಮಗ್ಗದಲ್ಲೇ ಉಳಿಸುತ್ತಾರೆ, ಹೊಸ ಹಾಸನ್ನು ಅದಕ್ಕೇ ಹೊಸೆದು ಸೇರಿಸಲು. ಮುಂದೆ ಬರುವ ಸೀರೆಗಳನ್ನು ಸೇರಿಸಲು ಇವಳೂ ಹಾಗೇ ತುದಿ ಬಿಟ್ಟಿದ್ದಳು. ಸಾರಿಗೆ ಸೊಸೆ ಉಪ್ಪು ಮರೆತರೆ ಅಕ್ಕಯ್ಯಮ್ಮ ಸದ್ದಿಲ್ಲದೆ ಹಾಕಿಬಿಡುತ್ತಾರಲ್ಲ, ಇಲ್ಲಿನ ಬ್ರೌಸರೂ ಅಂಥದ್ದೇ. ಮುಚ್ಚದ್ದನ್ನು ತಾನೇ ಮುಚ್ಚಿಕೊಂಡು ತೋರಿಸುತ್ತಿತ್ತು. ಪುಣೆಯದಕ್ಕೆ ಆ ಮಮತೆ ಎಲ್ಲಿಂದ ಬರಬೇಕು? ಎಲ್ಲ ಊರಲ್ಲೂ ಅತ್ತೆ ಕಾಣಬೇಕೆಂದರೆ ರೂಲ್ಸಿನಂತೆಯೇ ಬರೆಯಬೇಕು.

ಮುಚ್ಚುವ ಸಾಲು ಬರೆದಳು. ಮೂಲೆಯ ಕಂಪ್ಯೂಟರಿನಲ್ಲೂ ಸೀರೆಗಳು ಮೂಡಿದವು.

ಸೋಮವಾರ ಮತ್ತೆ ಫೋನ್ ಬಂತು. "ಕಾಣ್ತೈತೆ ಅಕ್ಕಾ!"

ಅಕ್ಕಯ್ಯಮ್ಮ ಪುಟದಲ್ಲಿ ಮೊದಲಿಗಿದ್ದ ಸೀರೆಯನ್ನೇ ಉಟ್ಟು ನಿಂತಿದ್ದರು. ಆದರೂ, "ಹೆಂಗೈತೆ ಹೇಳು," ಎಂದರು.

"ಹಸ್ರು ಸೀರೆ, ಅರಿಶಿನದ ಬಣ್ಣದ ಅಂಚು, ಅಂಚು ತುಂಬಾ ಅವರೆ ಹೂವು. ಕೋಳಿ ಕೆದಕಿದಂಗೇನಿಲ್ಲ ಬಿಡು!"

"ಕೆಳ್ಗೇನ್ ಬರ್ದೈತೆ?"

"ನಿನ್ನೆಸ್ರೇ. ಅಕ್ಕಯ್ಯಮ್ಮ ಅಂತ."

"ಸರ್ಯಾಗ್ ಕೇಳಿಸ್ತಿಲ್ಲ ಕಣೋ, ಇನ್ನೊಂದ್ಸಲ ಹೇಳು."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ವಾಣಿಗೂ ಅವನ ದನಿ ಸ್ಪಷ್ಟವಾಗಿ ಕೇಳಿಸುತ್ತಿತ್ತು.