ಒತ್ತು ಹೊಲಿಗೆ

ಆ ಮಷೀನಿನದು ಏನೂ ತಪ್ಪಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ದಾಂಡೇಲಿಯ ಮಿಲ್ ಕ್ವಾರ್ಟರ್ಸಿನಲ್ಲಿ ನಮ್ಮ ಸಾಲಿನವರೆಲ್ಲ ಇವತ್ತಿಗೂ ಅದರ ಮೇಲೆ, ಅದನ್ನು ಮನೆಗೆ ತಂದ ನಮ್ಮ ಯಜಮಾನರ ಮೇಲೆ ಗೂಬೆ ಕೂರಿಸುತ್ತಾರೆ. ಎಂಬತ್ತೊಂದರ ಬೇಸಿಗೆಯಲ್ಲಿ ಕಾಶೀಮನ ಜೀವ ಒಂದು ಚರ್ಮದ ಪಟ್ಟಾದ ಮೇಲೆ ನಿಂತಿತ್ತು. ಆ ಪಟ್ಟಾ ಹೊಲಿದ ಕೈ ನನ್ನದು.

ನಮ್ಮ ಯಜಮಾನರು ಅಂದಾನೆಪ್ಪ ಕಾಗದ ಮಿಲ್ಲಿನಲ್ಲಿ ಫಿಟ್ಟರು. ಎಂಟು ತಾಸು ಕಬ್ಬಿಣದ ಜೊತೆ ಗುದ್ದಾಡಿ ಬಂದ ಮನುಷ್ಯ ಚಹಾ ಕುಡಿದು ಕಾಲು ಚಾಚಬೇಕಲ್ಲವೇ? ಇವರು ಪಡಸಾಲೆಯಲ್ಲಿ ಚರ್ಮ ಹರವಿಕೊಂಡು ಕೂರುತ್ತಿದ್ದರು. ಟ್ರಾನ್ಸಿಸ್ಟರಿಗೆ ಕವಚ, ಕನ್ನಡಕಕ್ಕೆ ಚೀಲ, ಯಾರಿಗೋ ಸೊಂಟದ ಪಟ್ಟಾ. ಮಾರುವುದಕ್ಕಲ್ಲ, ಬರೀ ಹುಚ್ಚು. ಪಕ್ಕದ ಮನೆಯ ಗೋದುಬಾಯಿ ನಮ್ಮ ಕಡೆಯ ಕಿಟಕಿಯನ್ನು ದೊಡ್ಡದಾಗಿ ಸದ್ದು ಮಾಡಿ ಮುಚ್ಚುವಳು. "ನಿಮ್ಮಂಥವ್ರ ಮನ್ಯಾಗ ಚರ್ಮದ ಕೆಲಸಾ ಯಾಕ್ರೀ ಮಹಾದೇವಕ್ಕ?" ಎಂದು ನಲ್ಲಿಯ ಹತ್ತಿರ ಎಲ್ಲರ ಮುಂದೆ ಕೇಳುವಳು. ನನಗೆ ನಾಚಿಕೆಯಾಗುತ್ತಿತ್ತು. ಅದನ್ನು ಮುಚ್ಚಿಡುವುದೇನಿದೆ, ಬಹಳ ನಾಚಿಕೆಯಾಗುತ್ತಿತ್ತು.

ದಬ್ಬಣದಲ್ಲಿ ಚುಚ್ಚಿ ಚುಚ್ಚಿ ಬೆರಳು ಕೆಟ್ಟ ಮೇಲೆ ಮಷೀನು ಬೇಕೆಂದು ಹೊರಟರು. ಆರು ತಿಂಗಳು ಅದೇ ಮಾತು. ಹೆಣ್ಣು ನೋಡಲು ಬಂದಾಗಲೂ ಇಷ್ಟು ವಿಚಾರ ಮಾಡಿರಲಿಲ್ಲ ಎಂದು ನಾನು ಕಾಡಿಸುತ್ತಿದ್ದೆ. ಕೊನೆಗೆ ಹುಬ್ಬಳ್ಳಿಯ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ಎರಡು ಮಷೀನು ಸಿಕ್ಕವು. ಒಂದು ಮುಚ್ಚಿಹೋದ ಬಟ್ಟೆ ಕಾರಖಾನೆಯದು, ಥಳಥಳ ಹೊಳೆಯುತ್ತಿತ್ತು, ಮೋಟರು ಇತ್ತು. ಅಂಗಡಿಯವನು ಕಾಲು ಒತ್ತಿದ್ದೇ ಗೇಣುದ್ದ ಹೊಲಿಗೆ ಬಿದ್ದು ಮುಗಿಯಿತು. ನಾನು ಅದಕ್ಕೇ ಮರುಳಾದೆ. ಇನ್ನೊಂದು ಸೂಟ್‌ಕೇಸ್ ಹೊಲಿಯುವವರದಂತೆ, ಕರೀ ಕಬ್ಬಿಣದ ಭಾರದ ಮುದ್ದೆ.

ಇವರು ಜೇಬಿನಿಂದ ಮೂರು ಪದರ ಚರ್ಮದ ತುಂಡು ತೆಗೆದು ಎರಡರಲ್ಲೂ ಹೊಲಿದು ನೋಡಿದರು. ಹೊಳೆಯುವ ಮಷೀನಿನಲ್ಲಿ ಮೇಲಿನ ಪದರ ಒಂದು ಕಡೆ ಸರಿದು, ಅಡಿಯಲ್ಲಿ ದಾರ ಗಂಟುಗಂಟಾಗಿ ಬಿತ್ತು. ಕರಿಯದು ಟಕ್, ಟಕ್ ಎಂದು ಒಂದೊಂದೇ ಹಾಕಿತು. ಅದರ ಮೇಲಿನ ಪಾದವೂ ಚರ್ಮದ ಜೊತೆಗೇ ಹೆಜ್ಜೆ ಇಡುತ್ತಿತ್ತು. ಮೇಲೆ ಕೆಳಗೆ ಎರಡೂ ಕಡೆ ಹೊಲಿಗೆ ಒಂದೇ ಥರ. "ಚರ್ಮಕ್ಕ ಓಡೂ ಮಷೀನ ಬ್ಯಾಡ, ನಡಿಯೂ ಮಷೀನ ಬೇಕು" ಎಂದು ಅದನ್ನೇ ಲಾರಿಯಲ್ಲಿ ಹಾಕಿಸಿಕೊಂಡು ಬಂದರು.

ಭಾನುವಾರ ಬಂತೆಂದರೆ ಅದರ ಸೇವೆ. ಬಾಬಿನ್ನಿನ ಅಡಿಯ ಚರ್ಮದ ಹುಡಿಯನ್ನು ಕುಂಚದಿಂದ ತೆಗೆಯುವರು. ಎಲ್ಲೆಲ್ಲಿ ಕಬ್ಬಿಣಕ್ಕೆ ಕಬ್ಬಿಣ ತಾಗುತ್ತದೋ ಅಲ್ಲಲ್ಲಿ ಒಂದೊಂದೇ ಹನಿ ಎಣ್ಣೆ ಬಿಡುವರು. ಆಮೇಲೆ ಎಣ್ಣೆಯ ಕಲೆ ಬೀಳುವುದು ನಿಲ್ಲುವವರೆಗೂ ರದ್ದಿ ಚರ್ಮದ ಮೇಲೆ ಹೊಲಿಯುವರು. ನಾನೂ ಆಗೀಗ ಅದರ ಮುಂದೆ ಕೂತು ಕೈ ಪಳಗಿಸಿಕೊಂಡೆ. ಅವರು ಒಂದೇ ಒಂದು ಮಾತು ಹೇಳಿದ್ದರು.

"ಎಲ್ಲಾ ಮುಟ್ಟು ಮಹಾದೇವಿ, ಹೊಲಿಗಿ ಸಣ್ಣದು ದೊಡ್ಡದು ಮಾಡೂ ಈ ತಿರಪಿಗೆ ಮಾತ್ರ ಕೈ ಹಚ್ಚಬ್ಯಾಡ."

ಯಾಕೆ ಎಂದು ನಾನು ಕೇಳಲಿಲ್ಲ. ಹದಿನೈದು ವರ್ಷದಿಂದ ಊರವರ ಜಂಪರು ಹೊಲಿದವಳಿಗೆ ಹೊಲಿಗೆ ಕಲಿಸಲು ಬಂದರು ಎಂದು ಮೂಗು ಮುರಿದೆ.

ಕಾಶೀಮ ಹಳಿಯಾಳ ಕಡೆಯ ಸಿದ್ದಿ. ಮಿಲ್ಲಿನ ಬಿದಿರು ಯಾರ್ಡಿನಲ್ಲಿ ಲಾರಿ ಇಳಿಸುವ ಗ್ಯಾಂಗಿನಲ್ಲಿದ್ದ, ಬೇಸಿಗೆಯಲ್ಲಿ ಹೆಜ್ಜೇನಿಗೆ ಮರ ಹತ್ತುತ್ತಿದ್ದ. ಇವರಿಗೆ ದಾರಕ್ಕೆ ಸವರುವ ಮೇಣ ಬೇಕಿತ್ತು, ಅವನ ಹತ್ತಿರ ಮೇಣ ಇತ್ತು, ಅಲ್ಲಿಂದ ಸ್ನೇಹ. ಮೇಣಕ್ಕೆ ದುಡ್ಡು ಮುಟ್ಟುತ್ತಿರಲಿಲ್ಲ. ಒಂದು ದಿನ ಅವನ ಸೊಂಟದ ಮೇಲೆ ಹಗ್ಗ ಕೊರೆದ ಗಾಯ ನೋಡಿ ಇವರು, ನಿನಗೊಂದು ಅಗಲ ಪಟ್ಟಾ ಮಾಡಿಕೊಡುತ್ತೇನೆ ಎಂದು ಮಾತು ಕೊಟ್ಟರು. ಮರವನ್ನೂ ಸೊಂಟವನ್ನೂ ಬಳಸುವ ಪಟ್ಟಾ, ಎರಡು ತುದಿಗೂ ಒಂದಕ್ಕೊಂದು ಕೊಂಡಿ ಹಾಕಲು ಕಬ್ಬಿಣದ ಬಳೆ.

ಅಳತೆ ಕೊಡಲು ಬಂದಾಗ ಕಾಶೀಮ ಎದ್ದು ನಿಂತು ತೋರಿಸಿದ. "ಮರಕ್ಕ ಬಡದ ಗೂಟಾ ಹಿಡ್ಕೋತ ಹತ್ತೂತನಾ ಭಾರಾ ಎಲ್ಲಾ ಕೈಕಾಲ ಮ್ಯಾಲ ಇರತೈತ್ರಿ ಅಣ್ಣಾರ. ಜೇನಹುಟ್ಟು ಕೊಯ್ಯಾಕ ಎರಡೂ ಕೈ ಬೇಕಲ್ರಿ, ಆವಾಗ ಹಿಂದಕ್ಕ ವಾಲಿ ಪಟ್ಟಾದ ಮ್ಯಾಲ ಭಾರಾ ಬಿಡೂದು." ಆಮೇಲೆ ಅಂದ, "ಅದಕ್ಕ ನಾ ಮ್ಯಾಲಿದ್ದಾಗ ಕೆಳಗ ಯಾರೂ ಹೆಸರು ಹಿಡದು ಕರಿಯಂಗಿಲ್ರಿ ನಮ್ಮೊಳಗ. ಕರದ್ರ ಮನಶ್ಯಾ ಕೆಳಗ ನೋಡತಾನ. ನೋಡಬೇಕಂದ್ರ ವಾಲಬೇಕು."

ಇವರು ಎಮ್ಮೆ ಚರ್ಮ ಕತ್ತರಿಸಿ, ಮೂರು ಪದರ ಅಂಟಿಸಿ, ಒಂದು ತುದಿಯನ್ನು ಬಳೆಗೆ ಮಡಚಿ ಹೊಲಿದು ಮುಗಿಸಿದ್ದರು. ಅಷ್ಟರಲ್ಲಿ ಧಾರವಾಡದಲ್ಲಿ ಅವರ ಸೋದರಮಾವ ತೀರಿಕೊಂಡರೆಂದು ತಾರು ಬಂತು. ಇನ್ನೊಂದು ತುದಿ ಹಾಗೇ ಬಿಟ್ಟು ಹೋದರು.

ಮಂಗಳವಾರ ಕಾಶೀಮನ ಹೆಂಡತಿ ಹಜರಾಬಿ ಬಂದಳು. "ಅಕ್ಕಾರ, ಪಟ್ಟಾ ಆತೇನ್ರಿ? ಶುಕ್ರವಾರ ಅಮಾಸಿ, ಕೋಗಿಲಬನದ ಮ್ಯಾಲಿನ ಮರಕ್ಕ ಹೋಗವ್ರದೇವಿ."

"ಗುರುವಾರ ಬಾ, ಆಗಿರತೈತಿ" ಎಂದೆ. ಇವರು ಊರಲ್ಲಿಲ್ಲ ಎಂದು ಹೇಳಲಿಲ್ಲ. ಬುಧವಾರ ಬಂದುಬಿಡುತ್ತಾರೆ ಎಂದುಕೊಂಡಿದ್ದೆ.

ಬುಧವಾರ ಬರಲಿಲ್ಲ. ಸಂಜೆ ಪಟ್ಟಾ ಕೈಗೆತ್ತಿಕೊಂಡು ಅವರು ಹೊಲಿದ ತುದಿಯನ್ನು ನೋಡಿದೆ. ಒಂದೊಂದು ಹೊಲಿಗೆ ಅಕ್ಕಿಕಾಳಿಗಿಂತ ಉದ್ದ, ಅದೂ ಪಟ್ಟಾದ ಉದ್ದಕ್ಕೆ ನಾಲ್ಕೇ ಸಾಲು. ಗೋಣಿಚೀಲಕ್ಕೆ ಹಾಕುವ ಹೊಲಿಗೆ. ಇದನ್ನು ಗೋದುಬಾಯಿ ನೋಡಿದರೆ ಏನಂದಾಳು ಎಂಬುದೇ ನನ್ನ ತಲೆಗೆ ಮೊದಲು ಬಂತು. ಒಬ್ಬ ಮನುಷ್ಯನ ಭಾರ ಹೊರುವ ವಸ್ತುವಿಗೆ ಇಷ್ಟು ದೂರ ದೂರ ಹೊಲಿಗೆ ಹಾಕುತ್ತಾರೆಯೇ? ಜಂಪರಿನ ಕಂಕುಳಲ್ಲಿ ಬಟ್ಟೆ ಬಿಡದಿರಲಿ ಎಂದು ನಾವು ಒತ್ತಾಗಿ ಹೊಲಿಯುತ್ತೇವೆ, ಎರಡೆರಡು ಸಲ ಹೊಲಿಯುತ್ತೇವೆ. ನನಗೆ ಗೊತ್ತಿದ್ದ ಗಟ್ಟಿ ಹೊಲಿಗೆ ಅದೊಂದೇ. ತಿರುಪಿಗೆ ಕೈ ಹಚ್ಚಿದೆ.

ಒಂದು ರದ್ದಿ ತುಂಡಿನ ಮೇಲೆ ಹಾಕಿ ನೋಡಿದೆ. ಸಾಸಿವೆ ಸಾಲಾಗಿ ಇಟ್ಟ ಹಾಗೆ ಬಂತು. ಆಮೇಲೆ ಪಟ್ಟಾದ ತುದಿಯನ್ನು ಬಳೆಯಲ್ಲಿ ತೂರಿಸಿ ಮಡಚಿ, ಅಡ್ಡಡ್ಡ ಐದು ಸಾಲು ಹೊಲಿದೆ. ಅದೇ ಸಾಲಿನ ಮೇಲೆ ಮತ್ತೊಮ್ಮೆ ಹೊಲಿದೆ. ಮುಗಿದ ಮೇಲೆ ಬಗ್ಗಿಸಿದಾಗ ಹೊಲಿಗೆ ಬಿದ್ದ ಜಾಗದಲ್ಲಿ ಚರ್ಮ ಸ್ವಲ್ಪ ಸೋತಂತೆ, ಬಿಗಿ ಕಳೆದುಕೊಂಡಂತೆ ಕೈಗೆ ತಾಗಿತು. ಮೆತ್ತಗಾಯಿತು, ಸೊಂಟಕ್ಕೆ ಒತ್ತುವುದಿಲ್ಲ, ಒಳ್ಳೆಯದೇ ಆಯಿತು ಎಂದುಕೊಂಡೆ.

ಗುರುವಾರ ಹಜರಾಬಿ ಆ ಸಾಲುಗಳ ಮೇಲೆ ಬೆರಳಾಡಿಸಿ ನಕ್ಕಳು. "ಅಣ್ಣಾರ ಕೈ ಎಷ್ಟು ಛಂದ ಐತ್ರಿ. ಈ ಕಡಿ ತುದಿ ಅಂತೂ ಇನ್ನೂ ಛಂದ." ಹೆಂಗಸು ಹೊಲಿದದ್ದು ಎಂದರೆ ಅನುಮಾನ ಪಟ್ಟಾಳು ಎಂದು ನಾನೂ ನಕ್ಕು ಸುಮ್ಮನಾದೆ. ಒಳಗೊಳಗೇ ಬಹಳ ಹಿಗ್ಗಿದ್ದೆ.

ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಇವರು ಬಂದರು. ಕೈಕಾಲು ತೊಳೆದು ಮಷೀನಿನ ಹತ್ತಿರ ಹೋದವರು ರದ್ದಿ ತುಂಡನ್ನು ಎತ್ತಿಕೊಂಡರು. ಎರಡೂ ಕೈಯಲ್ಲಿ ಹಿಡಿದು ಜಗ್ಗಿದರು. ಬಹಳ ಜೋರೇನೂ ಹಾಕಲಿಲ್ಲ. ಅಂಚೆ ಕಚೇರಿಯವರು ಸ್ಟಾಂಪು ಹರಿದು ಕೊಡುತ್ತಾರಲ್ಲ, ಹಾಗೆ ಆ ಎಮ್ಮೆ ಚರ್ಮ ನನ್ನ ಹೊಲಿಗೆಯ ಸಾಲಿಗೇ ಬಿಟ್ಟುಬಂತು.

"ಪಟ್ಟಾ ಎಲ್ಲೈತಿ?"

"ಒಯ್ದಳ್ರಿ. ನಿನ್ನೇನ ಹಜರಾಬಿ ಒಯ್ದಳು, ಇವತ್ತ ಕೋಗಿಲಬನದ ಮರಕ್ಕ ಹೋಗ್ಯಾರ."

ಅವರು ಹರಿದ ತುಂಡನ್ನು ನನ್ನ ಮುಂದೆ ಹಿಡಿದರು. "ಅರಿವಿ ಸೂಜಿ ಎಳಿ ಸರಿಸಿ ಹೋಗತೈತಿ, ಮಹಾದೇವಿ. ಚರ್ಮದ ಸೂಜಿ ಕೊಯ್ಕೊಂಡ ಹೋಗತೈತಿ. ಕೊಯ್ದದ್ದು ಮತ್ತ ಕೂಡೂದಿಲ್ಲ. ನೀ ಅಲ್ಲೆ ಹೊಲಿಗಿ ಹಾಕಿಲ್ಲ, ಸೀಳಿ ಕೊಟ್ಟಿ." ಅಷ್ಟೇ ಹೇಳಿ ಸೈಕಲ್ ಹೊರಗೆ ತೆಗೆದರು. ನಾನು ಕ್ಯಾರಿಯರಿನ ಮೇಲೆ ಕೂತೆ.

ದಾರಿಯುದ್ದಕ್ಕೂ ಅವರು ಎದ್ದು ನಿಂತು ಪೆಡಲು ತುಳಿದರು, ಬೈಯಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಕೋಗಿಲಬನ ದಾಟುವಾಗ ಹೊತ್ತು ಇಳಿಯುತ್ತಿತ್ತು. ಜೇನಿನವರು ಎಲ್ಲಿ ಎಂದು ಕೇಳಿದ್ದಕ್ಕೆ, ದನ ಹೊಡೆದುಕೊಂಡು ಬರುತ್ತಿದ್ದ ಮುದುಕನೊಬ್ಬ ಕೈ ಮಾಡಿ ತೋರಿಸಿದ. "ಹೊಳಿ ದಂಡಿ ಹಿಡದು ಹೋಗ್ರಿ. ಹತ್ತ್ಯಾರ ಆಗಲೇ." ಸೈಕಲ್ ಅಲ್ಲೇ ಬಿಸುಟು ಓಡಿದೆವು. ಮುಳ್ಳಿಗೆ ಸಿಕ್ಕ ಸೆರಗನ್ನು ಬಿಡಿಸಿಕೊಳ್ಳಲೂ ನಾನು ನಿಲ್ಲಲಿಲ್ಲ.

ಮರದ ಬುಡದಲ್ಲಿ ಹಜರಾಬಿ ಜೇನು ಇಳಿಸುವ ಡಬ್ಬದ ಹಗ್ಗ ಹಿಡಿದು ಕೂತಿದ್ದಳು. ನಮ್ಮನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟಳು. ನಾನು ಮೇಲೆ ನೋಡಿದೆ. ಎಂಟು ಹತ್ತು ಆಳು ಎತ್ತರದಲ್ಲಿ ಕಾಶೀಮ ಗೂಟದ ಮೇಲೆ ನಿಂತಿದ್ದ. ಒಂದು ಕೈಯಲ್ಲಿ ಹೊಗೆಯಾಡುವ ಸೊಪ್ಪಿನ ಕಟ್ಟು, ಇನ್ನೊಂದು ಕೈ ಮರದ ಮೇಲೆ. ಪಟ್ಟಾ ಅವನ ಬೆನ್ನ ಹಿಂದೆ ಸಡಿಲವಾಗಿ ಜೋಲುತ್ತಿತ್ತು. ಅವನ ತಲೆಯ ಮೇಲೆ ಮಾರುದ್ದ ದೂರದಲ್ಲಿ ಹುಟ್ಟು ಕರ್ರಗೆ ತೂಗುತ್ತಿತ್ತು. ಇನ್ನು ಎರಡು ಗೂಟ ಹತ್ತಿದರೆ ಅವನು ಕೈ ಬಿಟ್ಟು ವಾಲುತ್ತಾನೆ. ಕೂಗಿದರೆ ಈಗಲೇ ವಾಲುತ್ತಾನೆ. ನನ್ನ ಬಾಯಿಯನ್ನು ನಾನೇ ಎರಡು ಕೈಯಿಂದ ಮುಚ್ಚಿಕೊಂಡೆ.

ಇವರು ಹಜರಾಬಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ಪಿಸುದನಿಯಲ್ಲಿ ಹೇಳಿದರು. "ತಂಗಿ, ಪಟ್ಟಾ ಸರಿ ಇಲ್ಲ. ಭಾರಾ ಬಿಟ್ರ ಹರೀತೈತಿ."

ಅವಳು ಯಾಕೆ ಹೇಗೆ ಎಂದು ಕೇಳಲಿಲ್ಲ. ಎದ್ದು ನಿಂತು, ಒಲೆಯ ಮುಂದೆ ಕೂತು ಮಾತಾಡುವ ದನಿಯಲ್ಲಿ, ಹೆಸರು ಹಿಡಿಯದೆ ಹೇಳಿದಳು. "ಮರಾ ಅಪ್ಕೋರಿ. ಎರಡೂ ಕೈಲೆ ಅಪ್ಕೋರಿ. ಕೆಳಗ ನೋಡಬ್ಯಾಡ್ರಿ."

ಕಾಶೀಮ ಅರೆಗಳಿಗೆ ಕದಲಲಿಲ್ಲ. ಆಮೇಲೆ ಹೊಗೆಯ ಕಟ್ಟು ಕೈಯಿಂದ ಜಾರಿ ಕಿಡಿ ಉದುರಿಸುತ್ತ ಕೆಳಗೆ ಬಿತ್ತು. ಅವನು ಮರವನ್ನು ತಬ್ಬಿದ. ಹೊಗೆ ಹೋದದ್ದೇ ಹೆಜ್ಜೇನು ಎದ್ದಿತು.

ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಅವನ ತಲೆ, ಮುಖ, ಹೆಗಲು ಎಲ್ಲ ಕಪ್ಪಾದವು. ಹೊಡೆದುಕೊಳ್ಳಲು ಕೈ ಬಿಡುವಂತಿಲ್ಲ. ಕಣ್ಣು ಮುಚ್ಚಿಕೊಂಡು, ಹೆಬ್ಬೆರಳಿನಿಂದ ಗೂಟ ಹುಡುಕುತ್ತ ಇಳಿಯತೊಡಗಿದ. ಹಜರಾಬಿ ಪಕ್ಕದಲ್ಲಿದ್ದ ಕಂಬಳಿಯನ್ನೂ ಹೊದೆಯದೆ ನಿಂತು ಹೇಳುತ್ತಿದ್ದಳು. "ಎಡಗಾಲ ಇನ್ನಷ್ಟು ಕೆಳಗ. ಹಾಂ. ಈಗ ಬಲಗಾಲ. ಇನ್ನೊಂದು." ಅವಳ ಕತ್ತಿನ ಮೇಲೂ ಹುಳು ಕೂತಿದ್ದವು, ನನ್ನ ಕೈಗೂ ಹತ್ತಿದ್ದವು.

ಎರಡಾಳು ಎತ್ತರ ಉಳಿದಾಗ ಅವನ ಕಾಲು ಜಾರಿತು. ಪಟ್ಟಾ ಅವನನ್ನು ಒಂದು ಕ್ಷಣ ಹಿಡಿದಂತೆ ಮಾಡಿ ಬಿಟ್ಟಿತು. ಕಾಶೀಮ ಬೆನ್ನ ಮೇಲೆ ಬಿದ್ದ. ಇವರು ಕಂಬಳಿ ಹೊದಿಸಿ, ಬಿದ್ದ ಸೊಪ್ಪಿಗೆ ಬೆಂಕಿ ಊದಿ ಹೊಗೆ ಎಬ್ಬಿಸಿದರು. ಹುಳು ಸರಿದ ಮೇಲೆ ನೋಡಿದರೆ ಉಸಿರು ಇತ್ತು. ಕಾಲು ಮುರಿದಿತ್ತು. ಎರಡು ಕಣ್ಣೂ ಬಾತು ಮುಚ್ಚಿದ್ದವು. ಅದರಲ್ಲಿ ಬಲಗಣ್ಣಿಗೆ ಮುಂದೆಯೂ ಬೆಳಕು ಬರಲಿಲ್ಲ.

ಹಜರಾಬಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಪಟ್ಟಾ ಎತ್ತಿ ನೋಡಿದಳು. ಒಂದು ತುದಿಯಲ್ಲಿ ಅಗಲ ಹೊಲಿಗೆಯ ಬಳೆ ಗಟ್ಟಿಯಾಗಿಯೇ ಇತ್ತು. ಇನ್ನೊಂದು ತುದಿ ಚಾಕುವಿನಿಂದ ಕೊಯ್ದಷ್ಟು ನೇರ ಹರಿದಿತ್ತು.

"ಇದನ್ನ ಹೊಲದವ್ರು ಯಾರು?" ಎಂದಳು.

"ನಾನ" ಎಂದರು ಇವರು. ಒಂದು ಕ್ಷಣವೂ ತಡೆಯಲಿಲ್ಲ.

ನಾನು ಬಾಯಿ ತೆರೆದೆ. ಅಲ್ಲ, ನಾನು ಎನ್ನಲು ಒಂದು ಉಸಿರು ಸಾಕಿತ್ತು. ಇವರು ನನ್ನ ಕಡೆ ನೋಡಲಿಲ್ಲ, ತಲೆ ತಗ್ಗಿಸಿ ನಿಂತಿದ್ದರು. ನಾನು ಬಾಯಿ ಮುಚ್ಚಿದೆ. ಹೆದರಿಕೆಯಾಗಿತ್ತು, ಅದಕ್ಕಿಂತ ದೊಡ್ಡ ಕಾರಣ ಏನೂ ಇಲ್ಲ.

"ಅಣ್ಣಾರ, ಇನ್ನ ನೀವು ನಮ್ಮ ಹೊಸ್ತಲಾ ತುಳೀಬ್ಯಾಡ್ರಿ" ಎಂದಳು ಹಜರಾಬಿ. ಆಮೇಲೆ ಬಾತುಹೋಗಿದ್ದ ನನ್ನ ಕೈಯನ್ನು ಮೆಲ್ಲಗೆ ಹಿಡಿದುಕೊಂಡು ಹುಳು ಬಿಟ್ಟ ಮುಳ್ಳು ಕೀಳತೊಡಗಿದಳು. "ನೀವು ಬರ್ರಿ ಅಕ್ಕಾರ. ಇದರಾಗ ನಿಮ್ಮದೇನೈತಿ."

"ಬರ್ತೇನಿ" ಎಂದೆ.