ಭುಜಕ್ಕೆ ಭುಜ

ಚಿತ್ತಾಪುರದ ಆ ಫಂಕ್ಷನ್ ಹಾಲಿನಲ್ಲಿ ಹೆಂಗಸರು ಫುಟ್‌ಬಾಲ್ ಆಡಬೇಕೆಂದರೆ ಪಂಚಾಂಗದ ಅಪ್ಪಣೆ ಬೇಕಿತ್ತು. ಮುಹೂರ್ತ ಇದ್ದ ದಿನ ಮದುವೆ, ಇಲ್ಲದ ದಿನ ಆಟ. ಇವರೆಲ್ಲ ಮೊದಲು ಸಂಜೆ ವಾಕಿಂಗ್ ಹೋಗುತ್ತಿದ್ದವರು. ನೆಲಕ್ಕೆ ಹಾಸುವ ಫರ್ಸಿ ಕಲ್ಲು ಹೊತ್ತ ಲಾರಿಗಳು ಎಬ್ಬಿಸುವ ಧೂಳು ಕುಡಿದು ಕುಡಿದು ಸಾಕಾಗಿ ವಾಕಿಂಗ್ ನಿಂತಿತು. ಹೈಸ್ಕೂಲಿನ ಪಿ.ಟಿ. ಟೀಚರ್ ಸಮ್ರೀನ್ ಹಾಲಿನ ಮಾಲಿಕರನ್ನು ಹೇಗೋ ಒಪ್ಪಿಸಿ, ಒಂದು ಚೆಂಡು ತಂದು ಒಳಗೆ ಉರುಳಿಸಿಬಿಟ್ಟಳು. ಮೇಲೆ ತೂಗುವ ಗಾಜಿನ ಝೂಮರ್ ದೀಪ ಒಡೆಯಬಾರದೆಂದು ಚೆಂಡಿನ ಗಾಳಿ ಸ್ವಲ್ಪ ತೆಗೆದಿರುತ್ತಿದ್ದರು. ಮದುಮಕ್ಕಳು ಕೂರುವ ವೇದಿಕೆಯ ಮುಂದೆ ಎರಡು ಪ್ಲಾಸ್ಟಿಕ್ ಕುರ್ಚಿ ಇಟ್ಟರೆ ಒಂದು ಗೋಲು. ಎದುರಿನ ಊಟದ ಹಾಲಿನ ಬಾಗಿಲೇ ಇನ್ನೊಂದು. ರೆಫರಿ ಗಿಫರಿ ಯಾರೂ ಇಲ್ಲ. ಬಂದಷ್ಟು ಮಂದಿ ಎರಡು ಭಾಗವಾಗಬೇಕು, ಮೊದಲು ಮೂರು ಗೋಲು ಹೊಡೆದವರು ಗೆದ್ದಂತೆ.

ಹಿಂದೆ ನಿಂತು ತಡೆಯುವ ಕೆಲಸ ಮಾತ್ರ ಯಾರಿಗೂ ಬೇಡ. ಎಲ್ಲರಿಗೂ ಗೋಲು ಹೊಡೆದು ಕೇಕೆ ಹಾಕುವ ಆಸೆ. ಮೊಣಕಾಲು ನೋವಿನವರು, ಮೊದಲ ಸಲ ಬಂದವರು, ಮೈ ಭಾರ ಆದವರು ಹಿಂದೆ ನಿಲ್ಲಬೇಕೆಂಬುದು ಅಲ್ಲಿನ ರೂಢಿ. ಲುಂಬಿನಿ ಮೊದಲ ದಿನ ಬಂದಾಗ ಅವಳನ್ನೂ ಹಿಂದೆಯೇ ನಿಲ್ಲಿಸಿದರು. ಊರಿನ ಕೃಷಿ ಕಚೇರಿಗೆ ಹೊಸದಾಗಿ ಬಂದ ಈ ಹುಡುಗಿ ಕೆಲಸ ಮುಗಿಸಿ, ಇಲ್ಲಿ ಒಂದಷ್ಟು ಬೆವರಿಳಿಸಿ, ಆಮೇಲೆ ರೈಲು ಹಿಡಿದು ವಾಡಿಗೆ ಹೋಗುವವಳು.

"ಇವರು ಅಗ್ರಿಕಲ್ಚರ್ ಮೇಡಂ," ಎಂದು ಸಮ್ರೀನ್ ಎಲ್ಲರಿಗೂ ಹೇಳಿದಳು. ಆಮೇಲೆ ಎದುರಿನವರನ್ನು ತೋರಿಸುತ್ತ ಬಂದಳು. "ಇವರು ನೀಲಾಬಾಯಿ, ಆ ಕಡಿ ಗೋಲ್‌ಕೀಪರ್. ಇವರು ಚಂದಮ್ಮಾರು, ನಿಮ್ಮ ಕಡಿ ಗೋಲು ಕಾಯ್ತಾರ. ಇವರು ಉಮಕ್ಕ. ಬಸವಂತರಾಯರ ಮನ್ಯಾಗಿನವರು. ಆ ಚೌಕದಾಗ ಎರಡಂತಸ್ತಿನ ಹಸಿರು ಬಣ್ಣದ ಮನಿ ಅದ ನೋಡ್ರಿ, ಅದು ಇವರದ."

ಲುಂಬಿನಿ ನೋಡಿದಳು. ಆ ಮನೆಯನ್ನು ಅವಳಿಗೆ ಯಾರೂ ತೋರಿಸಬೇಕಾಗಿರಲಿಲ್ಲ.

ವರ್ಗವಾಗಿ ಬಂದ ಹೊಸತರಲ್ಲಿ ಅವಳು ಬಾಡಿಗೆಗೆ ಹಿಡಿದದ್ದು ಅದೇ ಮನೆಯ ಮೇಲಂತಸ್ತು. ಅಣ್ಣ ಸಂಘಪಾಲ ಬಂದು ಮಾತಾಡಿದ್ದ, ದಲ್ಲಾಳಿ ಭಗವಂತ ಕೀಲಿ ಕೈಗೆ ಕೊಟ್ಟಿದ್ದ. ಮಾರನೇ ದಿನವೇ ಅವ್ವ ಅನಸುಬಾಯಿ ಸನ್ನತಿಯಿಂದ ಬಕೀಟು, ಕಸಬರಿಗೆ ಹೊತ್ತು ಬಸ್ಸು ಹತ್ತಿ ಬಂದಳು. ಮೊಣಕಾಲೂರಿ ಇಡೀ ಮನೆಯ ನೆಲ ತಿಕ್ಕಿದಳು. ಬಣ್ಣ ಬಳಿದವರು ಬೀಳಿಸಿದ್ದ ಸುಣ್ಣದ ಹನಿಗಳನ್ನು ಉಗುರಿನಿಂದ ಕೆರೆದು ತೆಗೆದಳು. ಜೋಳದ ಹಿಟ್ಟಿನ ಡಬ್ಬಿ ಎಲ್ಲಿ, ಹಾಸಿಗೆ ಎಲ್ಲಿ ಎಂದು ಗೊತ್ತು ಮಾಡಿ, ಕಿಟಕಿಯಲ್ಲಿ ನಿಂತು, "ಇಲ್ಲಿಂದ ರೈಲು ಕಾಣಸ್ತದ ನೋಡು," ಎಂದು ಮಗುವಿನಂತೆ ಖುಷಿಪಟ್ಟಳು. ಅದೇ ಸಂಜೆ ಬಾಡಿಗೆ ಕರಾರು ಬರೆಸಲು ಮನೆಯವರು ಸಂಘಪಾಲನ ಪೂರ್ತಿ ಹೆಸರು, ಊರು, ಓಣಿ ಕೇಳಿದರು. ಬೆಳಗಾಗುವಷ್ಟರಲ್ಲಿ ಭಗವಂತ ಕೀಲಿ ವಾಪಸು ಕೇಳಲು ಬಾಗಿಲಲ್ಲಿ ನಿಂತಿದ್ದ. ಮಾಲಿಕರ ಬೀಗರು ಇರಲಿಕ್ಕೆ ಬರುತ್ತಾರಂತೆ.

ದಲ್ಲಾಳಿಯ ಬಾಯಿ, ಎಷ್ಟು ಹೊತ್ತು ಮುಚ್ಚಿರುತ್ತದೆ? ನಾಲ್ಕು ದಿನ ಬಿಟ್ಟು ಲುಂಬಿನಿ ಒಂದು ಚಹಾ ಕುಡಿಸಿದಳು, ಎಲ್ಲ ಹೊರಗೆ ಬಂತು. "ಖರೇ ಹೇಳ್ತೀನಿ ಅಕ್ಕಾ, ಯಾವ ಬೀಗರೂ ಇಲ್ಲ. ಹೆಸರು ಕೇಳಿದ ಮ್ಯಾಲ ನೀವು ಯಾರು ಅಂತ ಅವರಿಗೆ ಗೊತ್ತಾತು. ನಿಮ್ಮವ್ವ ನೆಲ ತೊಳದಿದ್ರಲ್ಲ, ಆ ಮನಿಯಾಕಿ ಗೋಮೂತ್ರ ತರಿಸಿ ಅದನ್ನ ಮತ್ತ ತೊಳಸಿದಳು."

ಲುಂಬಿನಿಗೆ ಅಳು ಬರಲಿಲ್ಲ. ಹೊಟ್ಟೆಯಲ್ಲಿ ಕೆಂಡ ಬಿದ್ದಂತಾಯಿತು, ಅದು ಆರಲಿಲ್ಲ. ತೊಳೆಸಿದ ಸುದ್ದಿಯನ್ನು ಅವಳು ಅವ್ವನಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ವಾಡಿಯಲ್ಲಿ ಸಿಕ್ಕ ಗಾಳಿಯಿಲ್ಲದ ಒಂದು ಕೋಣೆಯಲ್ಲಿ ಕೂತು ಅವ್ವ ಈಗಲೂ, "ಅವರ ಬೀಗರು ಬಂದ್ರಂತೇನು? ಇರಲಿ ತಗೋ, ಅವರಿಗೂ ಅಡಚಣಿ ಇದ್ದೀತು," ಎನ್ನುತ್ತಾಳೆ. ಆ ಮಾತು ಕೇಳಿದಾಗಲೆಲ್ಲ ಕೆಂಡಕ್ಕೆ ಗಾಳಿ ಊದಿದಂತಾಗುತ್ತದೆ. ಆ ಹೆಂಗಸು ತಾನು ಮಾಡಿದ್ದನ್ನು ನಾಲ್ಕು ಜನರ ಮುಂದೆ ತನ್ನ ಬಾಯಿಂದಲೇ ಹೇಳಬೇಕು, ಹೇಳಿ ತಲೆ ತಗ್ಗಿಸಬೇಕು. ಲುಂಬಿನಿಗೆ ಬೇಕಿದ್ದದ್ದು ಇಷ್ಟೇ.

ಉಮಕ್ಕ, ಅಂದರೆ ಉಮಾದೇವಿ, ಆ ಹಾಲಿನ ರಾಣಿ. ಎತ್ತರದ ಆಳು, ಉದ್ದ ಹೆಜ್ಜೆ, ಓಡುತ್ತಲೇ ನಗಿಸುವ ಬಾಯಿ. ಚೆಂಡು ಅವಳ ಕಾಲಿಗೆ ಸಿಕ್ಕಿತೆಂದರೆ ಗೋಲು ಎಂದೇ ಲೆಕ್ಕ. ಮನೆಯ ಮಾತೆಲ್ಲ ಅಣ್ಣ ಮತ್ತು ದಲ್ಲಾಳಿಯ ಮೂಲಕವೇ ನಡೆದಿದ್ದರಿಂದ ಲುಂಬಿನಿಯ ಮುಖವನ್ನು ಅವಳು ಹಿಂದೆ ಕಂಡವಳಲ್ಲ. ಆ ಮೊದಲ ದಿನ ಚೆಂಡು ತೆಗೆದುಕೊಂಡು ನೇರ ನುಗ್ಗಿ ಬಂದಳು. ಶಾಲೆಯಲ್ಲಿ ಕಬಡ್ಡಿ ಆಡಿದ್ದ ಲುಂಬಿನಿ ಕಾಲು ಕದಲಿಸದೆ ಭುಜ ಕೊಟ್ಟು ನಿಂತಳು. ಭುಜಕ್ಕೆ ಭುಜ ತಾಗಿತು. ಉಮಾದೇವಿಯ ಬೆವರು ಲುಂಬಿನಿಯ ತೋಳಿಗೆ, ಲುಂಬಿನಿಯ ಬೆವರು ಉಮಾದೇವಿಯ ಕತ್ತಿಗೆ.

'ಹತ್ತಿತು. ಈಗ ತೊಳಿ, ನೋಡೋಣ.'

ಆ ದಿನ ರೈಲಿನಲ್ಲಿ ಅವಳು ಒಬ್ಬಳೇ ನಕ್ಕಳು. ಎದುರು ಕೂತಿದ್ದ ಮುದುಕ ಗಾಬರಿಯಿಂದ ಆಚೆ ಸರಿದು ಕೂತ.

ಮಾರನೆಯ ದಿನದಿಂದ ಹಿಂದಿನ ಜಾಗವನ್ನು ಅವಳೇ ಕೇಳಿ ಪಡೆದಳು, ಅದೂ ಯಾವಾಗಲೂ ಉಮಾದೇವಿಯ ಎದುರು ಪಾರ್ಟಿಯಲ್ಲಿ. ಅವಳ ಛಲ ನೋಡಿ ಸಮ್ರೀನ್ ಮೂಲೆಗೆ ಕರೆದು ಕಲಿಸಿದಳು. "ಚೆಂಡಿಗೆ ಗಡಬಡಿಸಿ ಕಾಲು ಹಾಕಬ್ಯಾಡ. ಆಕಿ ಕಾಲು ನೋಡಬ್ಯಾಡ, ಟೊಂಕ ನೋಡು. ಟೊಂಕ ತಿರುಗಿದ ಕಡೀನೇ ಆಕಿ ಹೋಗಾಕಿ. ನೀ ಹಾದಿ ಅಡ್ಡ ಹಿಡದು ಸುಮ್ಕ ನಿಂದ್ರು. ಅವಸರ ಮಾಡಿ ಆಕೀನೇ ಚೆಂಡು ಬಿಡ್ತಾಳ." ಲುಂಬಿನಿ ಆ ಪಾಠವನ್ನು ನುಂಗಿಕೊಂಡಳು. ಒಂದು ಸಲವೂ ಕಾಲು ಕೊಟ್ಟು ಬೀಳಿಸಲಿಲ್ಲ, ಒಂದು ಸಲವೂ ಬಟ್ಟೆ ಹಿಡಿದು ಎಳೆಯಲಿಲ್ಲ. ಬೀಳಿಸಿದರೆ ಅವಳು ದೂರ ಹೋಗಿಬಿಡುತ್ತಾಳಲ್ಲ! ಹತ್ತಿರ ಬೇಕು, ಮೈಗೆ ಮೈ ಬೇಕು. ಉಮಾದೇವಿ ಎಡಕ್ಕೆ ಹೋದರೆ ಇವಳ ಭುಜ ಅಲ್ಲಿ, ಬಲಕ್ಕೆ ಹೊರಳಿದರೆ ಇವಳ ಬೆನ್ನು ಅಲ್ಲಿ. ಗೋಲುಗಳು ನಿಂತುಹೋದವು. ಅಪರೂಪಕ್ಕೆ ಒಂದು ದಕ್ಕಿದರೂ ಅದು ಲುಂಬಿನಿ ನೀರು ಕುಡಿಯಲು ಹೋದಾಗಿನದ್ದು.

ಹೀಗೆ ಕಾಡಿದರೆ ಉಮಾದೇವಿ ಸಿಟ್ಟಾಗುತ್ತಾಳೆ, ಸಿಟ್ಟಿನಲ್ಲಿ ಬಾಯಿ ಬಿಡುತ್ತಾಳೆ ಎಂದು ಲುಂಬಿನಿ ಎಣಿಸಿದ್ದಳು. ಆದದ್ದು ಬೇರೆ. ಉಮಾದೇವಿಗೆ ಈ ಹುಡುಗಿ ಭಾಳ ಹಿಡಿಸಿಬಿಟ್ಟಳು. "ಏನ್ ಹುಡುಗಿ ಅಲ್ಲವ್ವಾ ಇದು, ಗ್ವಾಡಿ! ಗ್ವಾಡಿಗೆ ಹೋಗಿ ತಲಿ ಬಡಕೊಂಡಂಗ ಆಗ್ತದ ನನಗ," ಎಂದು ಎಲ್ಲರೆದುರು ಬೆನ್ನು ತಟ್ಟಿದಳು. ಗೋಡೆಯಂತೆ ನಿಲ್ಲುವವಳೆಂದು ಅಂದಿನಿಂದ ಲುಂಬಿನಿ ಎಲ್ಲರ ಬಾಯಲ್ಲೂ ಗ್ವಾಡಿ. ಹೆಸರೇನೆಂದು ನೀಲಾಬಾಯಿ ಒಮ್ಮೆ ಕೇಳಿದ್ದಕ್ಕೆ, "ಗ್ವಾಡಿ ಅನ್ನೂದ ಛಲೋ ಅದ ಬಿಡ್ರಿ," ಎಂದು ಲುಂಬಿನಿ ಮಾತು ತೇಲಿಸಿದಳು.

ದಣಿದಾಗ ಉಮಾದೇವಿ ಕೇಳದೆಯೇ ಲುಂಬಿನಿಯ ಬಾಟಲಿಗೆ ಬಾಯಿ ಹಚ್ಚಿ ನೀರು ಕುಡಿಯುತ್ತಿದ್ದಳು. ಲುಂಬಿನಿ ಕೊನೆಯ ಗುಟುಕಿನ ತನಕ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಮೀನಖಂಡ ಹಿಡಿದುಕೊಂಡು ಉಮಾದೇವಿ ನೆಲಕ್ಕೆ ಕೂತ ದಿನ, ಕಾಲನ್ನು ತೊಡೆಯ ಮೇಲಿಟ್ಟುಕೊಂಡು ತಿಕ್ಕಿದವಳು ಲುಂಬಿನಿಯೇ. "ನನ್ನ ತಂಗಿ ಇದ್ದಂಗ ನೀ," ಎಂದಳು ಉಮಾದೇವಿ ಕಣ್ಣು ಮುಚ್ಚಿ. ಲುಂಬಿನಿಯ ಕೈ ಒಂದು ಕ್ಷಣ ನಿಂತಿತು. ಇವಳು ಶೇಂಗಾ ಹೋಳಿಗೆ ತಂದು ಬಾಯಿಗಿಡುತ್ತಾಳೆ, ಸೋತರೆ ನಗುತ್ತಾಳೆ, ಇವಳ ಮೇಲೆ ಒಂದೊಂದು ಸಲ ಪ್ರೀತಿಯೇ ಉಕ್ಕುತ್ತದೆ. ಆಗೆಲ್ಲ ಲುಂಬಿನಿಗೆ ತನ್ನ ಮೇಲೆಯೇ ಸಿಟ್ಟು ಬರುತ್ತಿತ್ತು. ಸುಣ್ಣ ಕೆರೆದು ಕೆರೆದು ಬೆಳ್ಳಗಾಗಿದ್ದ ಅವ್ವನ ಉಗುರುಗಳನ್ನು ನೆನೆದು ಮನಸ್ಸನ್ನು ಮತ್ತೆ ಗಟ್ಟಿ ಮಾಡಿಕೊಳ್ಳುತ್ತಿದ್ದಳು.

ಆಷಾಢದ ಒಂದು ಸಂಜೆ ಜೋರು ಮಳೆ. ಆಟ ಎರಡು-ಎರಡರಲ್ಲಿ ನಿಂತಿತ್ತು. ಮುಂದಿನ ಗೋಲಿಗೆ ಮುಗಿಯಬೇಕು. ಕರೆಂಟ್ ಹೋಗಿ ಜನರೇಟರ್ ಶುರುವಾಗುವ ತನಕ ಎಲ್ಲರೂ ವೇದಿಕೆಯ ಮೆಟ್ಟಿಲ ಮೇಲೆ ಕೂತರು. ಉಮಾದೇವಿ ಲುಂಬಿನಿಯ ಬಾಟಲಿ ಎತ್ತಿ ನೀರು ಕುಡಿದಳು.

"ಗ್ವಾಡಿ, ಈ ಮಳ್ಯಾಗ ವಾಡಿಗೆ ಯಾಕ ಸಾಯ್ಲಿಕ್ಕ ಹೋಗ್ತಿ? ನಮ್ಮ ಮ್ಯಾಲಿನ ಮನಿ ಖಾಲಿ ಅದ. ಬಂದು ಇರು. ಬಾಡಿಗಿ ಮಾತು ಆಮ್ಯಾಲ ಆಡೂಣು."

ಬಾಯಿಗೆ ಬಂದದ್ದನ್ನು ಲುಂಬಿನಿ ಆಗಲೇ ಅಂದುಬಿಡಬಹುದಿತ್ತು. ಅನ್ನಲಿಲ್ಲ, ಸಮ್ರೀನ್ ಕಲಿಸಿದಂತೆ ಮಾತಿನಲ್ಲೂ ಹಾದಿಗೆ ಅಡ್ಡ ಹಿಡಿದು ಕಾದಳು.

"ಅಷ್ಟು ಛಲೋ ಮನಿ, ಇಷ್ಟು ದಿನ ಯಾಕ ಖಾಲಿ ಇಟ್ಟೀರಿ ಉಮಕ್ಕಾ?"

"ಅಯ್ಯ, ಬಂದವರಿಗೆಲ್ಲ ಕೊಡ್ಲಿಕ್ಕ ಆಗ್ತದೇನು? ಬ್ಯಾಸಗ್ಯಾಗ ಒಬ್ಬ ಬಂದಿದ್ದ. ನೋಡ್ಲಿಕ್ಕ ಛಲೋ ಇದ್ದ, ಕೀಲಿನೂ ಕೊಟ್ಟಿದ್ವಿ."

"ಮತ್ತ ಏನಾತು?" ಎಂದರು ಚಂದಮ್ಮ.

"ಕರಾರಿಗೆ ಹೆಸರು ಕೇಳಿದ್ರ ಸಂಘಪಾಲ ಅಂದ. ಆಗ ಗೊತ್ತಾತು, ಅವರ ಮಂದಿ ಅಂತ. ಅಷ್ಟೊತ್ತಿಗೆ ಅವರವ್ವ ಬಂದು ನೆಲ ಎಲ್ಲ ತೊಳದು ಹೋಗ್ಯಾಳ! ನಾ ಗೋಮೂತ್ರ ತರಿಸಿ ಮತ್ತ ತೊಳಸಿದೆ ನೋಡ್ರಿ, ನಡಾ ಮುರದು ಹೋತು." ತನ್ನ ಮಾತಿಗೆ ತಾನೇ ನಕ್ಕಳು.

ಸಮ್ರೀನ್ ನಗಲಿಲ್ಲ. ಮನೆ ಹುಡುಕಿ ಅಲೆದ ಅನುಭವ ಅವಳಿಗೂ ಇತ್ತು. ಬಸವಣ್ಣನ ವಚನ ಹೇಳದೆ ದಿನ ಶುರು ಮಾಡದ ಚಂದಮ್ಮ ತಲೆ ತಗ್ಗಿಸಿದರು. ಅಷ್ಟರಲ್ಲಿ ಲೈಟು ಬಂತು.

"ಸಂಘಪಾಲ ನಮ್ಮಣ್ಣ," ಎಂದಳು ಲುಂಬಿನಿ. "ನೆಲ ತೊಳದಾಕಿ ನಮ್ಮವ್ವ. ನನ್ನ ಹೆಸರು ಲುಂಬಿನಿ."

ಉಮಾದೇವಿ ಬಾಟಲಿಯನ್ನು ಕೆಳಗಿಡಬೇಕೋ ಹಿಡಿದಿರಬೇಕೋ ತಿಳಿಯದೆ ಕೂತಳು.

"ನೆಲ ತೊಳಸಿದ್ರಿ, ಆತು. ಎರಡು ತಿಂಗಳಾತು ಉಮಕ್ಕಾ, ದಿನಾ ನಿಮ್ಮ ಮೈಗೆ ಮೈ ಹಚ್ಚಾಕತ್ತೀನಿ. ನನ್ನ ಬೆವರು ನಿಮ್ಮ ಕತ್ತಿನಾಗ ಅದ. ನನ್ನ ನೀರು ನಿಮ್ಮ ಹೊಟ್ಟ್ಯಾಗ ಅದ. ಅದನ್ನೆಲ್ಲ ಯಾವುದರಿಂದ ತೊಳಸ್ತೀರಿ?"

ಇಷ್ಟು ದಿನ ಕಾದ ಮಾತು. ಆಡಿದ ಮೇಲೆ ಲುಂಬಿನಿಗೆ ಮೈಯೆಲ್ಲ ಹಗುರವಾಯಿತು. ಉಮಾದೇವಿಯ ಮುಖದಲ್ಲಿ ರಕ್ತ ಇಳಿದುಹೋದದ್ದನ್ನು ಕಣ್ತುಂಬ ನೋಡಿದಳು, ಪಾಪ ಅನಿಸಲಿಲ್ಲ.

ಉಮಾದೇವಿ ಅಳತೊಡಗಿದಳು. ಈಗ ಲೋಕದ ರೀತಿ ನೋಡಿ. ಹೆಂಗಸರೆಲ್ಲ ಎದ್ದು ಅಳುವವಳ ಸುತ್ತ ನೆರೆದರು. ನೀಲಾಬಾಯಿ ಅವಳ ಕಣ್ಣೊರೆಸಿ, ಲುಂಬಿನಿಯ ಕಡೆ ತಿರುಗಿ, "ಆಡೂ ಜಾಗದಾಗ ಇಂಥ ಮಾತು ಯಾಕ ತೆಗೀಬೇಕಿತ್ತವ್ವಾ?" ಎಂದಳು. ತೊಳೆಸಿದವಳಿಗೆ ಸಮಾಧಾನ, ತೊಳೆಸಿಕೊಂಡವಳಿಗೆ ಬುದ್ಧಿವಾದ!

"ನನ್ನಿಂದ ತಪ್ಪಾಗ್ಯದ," ಎಂದಳು ಉಮಾದೇವಿ ಬಿಕ್ಕುತ್ತ. ಇಷ್ಟು ದಿನದ ಸಲಿಗೆಯ 'ನೀ' ಈಗ 'ನೀವು' ಆಗಿತ್ತು. "ನಾಳಿಗೇ ಕೀಲಿ ಕೊಡ್ತೀನ್ರಿ. ನಿಮ್ಮವ್ವನವರನ್ನ ಕರ್ಕೊಂಡು ಬರ್ರಿ. ಖರೇ ಹೇಳಾಕತ್ತೀನಿ, ನನ್ನ ಮನಸಿನ್ಯಾಗ ಈಗ ಏನೂ ಇಲ್ಲ."

ಎಲ್ಲರೂ ಲುಂಬಿನಿಯ ಮುಖ ನೋಡಿದರು. ಹೂಂ ಅಂದುಬಿಟ್ಟರೆ ಎಲ್ಲರಿಗೂ ಉಸಿರು ತಿರುಗುತ್ತಿತ್ತು. ರೈಲು ಕಾಣುವ ಆ ಕಿಟಕಿ ಒಂದು ಗಳಿಗೆ ಅವಳ ಕಣ್ಣಿಗೂ ಕಟ್ಟಿತು.

"ಮೊದಲ ಆಟ ಮುಗಸೂಣ್ರಿ," ಎಂದಳು. "ಒಂದು ಗೋಲು ಉಳದದ."

ಉಮಾದೇವಿ ಕಣ್ಣೊರೆಸಿಕೊಂಡು ಎದ್ದಳು. ಸಮ್ರೀನ್ ಚೆಂಡು ಉರುಳಿಸಿದಳು. ಚೆಂಡು ಉಮಾದೇವಿಗೆ ಸಿಕ್ಕಿತು. ಅತ್ತು ಕೆಂಪಾದ ಕಣ್ಣಿನಲ್ಲೇ ಅವಳು ಎಂದಿನ ಉದ್ದ ಹೆಜ್ಜೆ ಹಾಕುತ್ತ ಬಂದಳು. ಲುಂಬಿನಿ ತನ್ನ ಜಾಗದಲ್ಲಿ ಎಂದಿನಂತೆ ಭುಜ ಕೊಟ್ಟು ನಿಂತಿದ್ದಳು. ಇನ್ನೇನು ತಾಗಬೇಕು, ಆಗ ಉಮಾದೇವಿಯ ಭುಜ ಸರಕ್ಕನೆ ಹಿಂದಕ್ಕೆ ಸರಿಯಿತು. ಗೇಣಗಲ ಜಾಗ ಬಿಟ್ಟು ಸರಿಯಿತು. ಹಾಗೆ ಸರಿದ ರಭಸಕ್ಕೆ ಕಾಲು ತೊಡರಿ ಚೆಂಡು ಅವಳಿಂದ ಬೇರೆಯಾಗಿ ಉರುಳಿತು. ಅವಳನ್ನು ಯಾರೂ ಮುಟ್ಟಿರಲಿಲ್ಲ.

ನಾಚಿಕೆಯಿಂದ ಹಾಗಾಯಿತು ಎಂದು ನೀಲಾಬಾಯಿ ಆಮೇಲೆ ವಾದ ಮಾಡಿದ್ದುಂಟು. ಮಾಡಲಿ. ನಾಚಿಕೆಯಾದವಳು ಮುಖ ತಪ್ಪಿಸುತ್ತಾಳೆ, ಭುಜ ತಪ್ಪಿಸುವುದಿಲ್ಲ. ಅದನ್ನು ಹಾಲಿನಲ್ಲಿದ್ದ ಎಲ್ಲರೂ ಕಂಡರು. ಎಲ್ಲರಿಗಿಂತ ಚೆನ್ನಾಗಿ ಕಂಡವಳು ಉಮಾದೇವಿಯೇ. ಅವಳು ನಿಂತಲ್ಲೇ ನಿಂತು, ಯಾರದೋ ಭುಜವನ್ನು ನೋಡುವಂತೆ ತನ್ನ ಭುಜವನ್ನು ನೋಡಿಕೊಂಡಳು.

ಲುಂಬಿನಿ ಚೆಂಡು ತೆಗೆದುಕೊಂಡು ಮುಂದೆ ಹೋದಳು. ಓಡಲಿಲ್ಲ, ನಡೆದೇ ಹೋದಳು. ಯಾರೂ ಅಡ್ಡ ಬರಲಿಲ್ಲ. ಬಾಗಿಲಲ್ಲಿದ್ದ ನೀಲಾಬಾಯಿ ಕೂಡ ಪಕ್ಕಕ್ಕೆ ಸರಿದಳು. ಊಟದ ಹಾಲಿನ ಕತ್ತಲೆಯೊಳಗೆ ಚೆಂಡನ್ನು ಒದ್ದು, ಬ್ಯಾಗು ಹೆಗಲಿಗೇರಿಸಿ ಅವಳು ಹೊರಗಿನ ಮಳೆಗೆ ಇಳಿದಳು. ಕೀಲಿಯ ಮಾತನ್ನು ಆಮೇಲೆ ಅವಳೆದುರು ಯಾರೂ ಎತ್ತಲಿಲ್ಲ, ಉಮಾದೇವಿಯೂ ಎತ್ತಲಿಲ್ಲ.